ಮೂವತ್ತೊಂದು ಅಂದ್ರ ಕೆಂಪು

ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನನ್ನ ಕೈಗೊಂದು ಚೀಟಿ ಕೊಟ್ಟಳು. ಕಣ್ಣಿನ ಪೊರೆ ತೆಗೆಯುವ ಮುಂಚೆ ರಕ್ತ ನೋಡುತ್ತಾರಲ್ಲ, ಅದರ ವರದಿ. ಹೆಸರು, ವಯಸ್ಸು, ಊರು ಎಲ್ಲ ಸರಿಯಾಗಿದ್ದವು. ಸಕ್ಕರೆಯ ಸಾಲಿನಲ್ಲಿ ಮಾತ್ರ ಅಂಕಿಯ ಎಡಕ್ಕೆ ಒಂದು ವಿಚಿತ್ರ ಬಾಲ ಅಂಟಿಕೊಂಡಿತ್ತು: [31m. ಬಲಕ್ಕೆ ಇನ್ನೊಂದು ಬಾಲ: [0m. ನಾನು ಕನ್ನಡಕ ಏರಿಸಿ ಇಳಿಸಿ ನೋಡುವುದನ್ನು ಕಂಡು ಹುಡುಗಿಗೆ ಪಾಪ ಅನ್ನಿಸಿರಬೇಕು.

"ಅದೇನೋ ಕಚರಾ ಬಂದದ ರೀ ಆಂಟಿ. ಪ್ರಿಂಟರ್ ಸರಿ ಇಲ್ಲ. ನಡುವಿನ ನಂಬರ್ ಅಷ್ಟೇ ನೋಡ್ರಿ" ಅಂದಳು.

"ಕಚರಾ ಅಲ್ಲವ್ವಾ ಅದು, ಕೆಂಪು" ಅಂದೆ. ಹುಡುಗಿ ನನ್ನನ್ನು ಒಂದು ಸಲ, ಚೀಟಿಯಲ್ಲಿದ್ದ ಸಕ್ಕರೆಯ ಅಂಕಿಯನ್ನು ಒಂದು ಸಲ ನೋಡಿದಳು. ಸಕ್ಕರೆ ತಲೆಗೇರಿದೆ ಅಂತ ಅವಳು ತಿಳಿದುಕೊಂಡಿದ್ದರೆ ಅದು ಅವಳ ತಪ್ಪಲ್ಲ.

ನಿಮಗೂ ಹಾಗೇ ಅನ್ನಿಸುವ ಮುಂಚೆ ಹೇಳಿಬಿಡುತ್ತೇನೆ. ಅವರ ಕಂಪ್ಯೂಟರಿನ ಕರಿ ಪರದೆಯ ಮೇಲೆ ಹದ್ದು ಮೀರಿದ ಅಂಕಿ ಕೆಂಪಾಗಿ ಕಾಣಬೇಕು. ಅದಕ್ಕೆ ಪ್ರೋಗ್ರಾಮು ಬರೆದವರು ಅಕ್ಷರಗಳ ನಡುವೆಯೇ ಪರದೆಗೆ ಒಂದು ಗುಟ್ಟು ಹೇಳಿರುತ್ತಾರೆ: ಇಲ್ಲಿಂದ ಮುಂದೆ ಕೆಂಪು ಹಚ್ಚು. ಅಂಕಿ ಮುಗಿದ ಮೇಲೆ ಇನ್ನೊಂದು ಗುಟ್ಟು: ಸಾಕು, ಮೊದಲಿನ ಹಾಗೆ ಆಗು. ಪರದೆ ಆ ಗುಟ್ಟನ್ನು ನುಂಗಿಕೊಂಡು ಬಣ್ಣ ತೋರಿಸುತ್ತದೆ. ಕಾಗದಕ್ಕೆ ಅದು ತಿಳಿಯುವುದಿಲ್ಲ, ಗುಟ್ಟನ್ನು ಇದ್ದ ಹಾಗೇ ಊರಿಗೆಲ್ಲ ಹೇಳಿಬಿಡುತ್ತದೆ. ಮೂವತ್ತೊಂದು ಅಂದರೆ ಕೆಂಪು, ಸೊನ್ನೆ ಅಂದರೆ ಸಾಕು. ನಾನು ಪ್ರೈಮರಿ ಶಾಲೆಯ ಅಕ್ಕೋರಾಗಿ ನಿವೃತ್ತಿಯಾದವಳು, ಕಂಪ್ಯೂಟರಿಗೂ ನನಗೂ ದೂರದ ನೆಂಟಸ್ತನ. ಈ ವಿದ್ಯೆಯನ್ನು ನನಗೆ ಕಲಿಸಿದವನು ನಮ್ಮ ಅಣ್ಣ ಹುಸೇನಪ್ಪ. ಅವನು ತನ್ನ ಜೀವಮಾನದಲ್ಲಿ ಒಂದು ದಿನವೂ ಕೆಂಪನ್ನು ಕೆಂಪಾಗಿ ಕಂಡವನಲ್ಲ.

ನಮ್ಮದು ದೇವದುರ್ಗದ ಹತ್ತಿರದ ಹಳ್ಳಿ. ಹೊಲ ಇದ್ದವರ ಹೊಲದಲ್ಲಿ ದುಡಿದು ತಿನ್ನುವ ಮನೆ. ಎಪ್ಪತ್ತರ ದಶಕದ ಮಾತು ಇದು. ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ಅವ್ವ ನಮ್ಮಿಬ್ಬರನ್ನೂ ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯುತ್ತಿದ್ದಳು. ಹಣ್ಣಾದ ಕೆಂಪು ಕಾಯಿ ಬಿಡಿಸಬೇಕು, ಹಸಿಕಾಯಿ ಗಿಡದಲ್ಲೇ ಬಿಡಬೇಕು, ಇಷ್ಟೇ ಕೆಲಸ. ನಾಲ್ಕು ವರ್ಷದ ಕೂಸಿಗೂ ಬರುವಂಥದ್ದು. ಅಣ್ಣನಿಗೆ ಬರುತ್ತಿರಲಿಲ್ಲ. ಅವನ ಬುಟ್ಟಿಯಲ್ಲಿ ಕೆಂಪು ಹಸಿರು ಎರಡೂ ಕೂಡಿ ಕೂತಿರುತ್ತಿದ್ದವು. ಹೊಲದ ಒಡತಿ ಬುಟ್ಟಿ ಸುರುವಿ ನೋಡಿ ಬಾಯಿಗೆ ಬಂದದ್ದು ಅನ್ನುವಳು. ಅವ್ವ ಆ ಸಿಟ್ಟನ್ನೆಲ್ಲ ಅಣ್ಣನ ಬೆನ್ನಿನ ಮೇಲೆ ತೀರಿಸಿಕೊಳ್ಳುವಳು.

"ಕಣ್ಣು ಕಿತ್ತು ಗೂಟಕ್ಕ ತೂಗಹಾಕಿ ಬಂದೀಯೇನಲೇ? ಇಷ್ಟು ದೊಡ್ಡವ ಆಗಿ ಹಣ್ಣು ಯಾವುದು ಕಾಯಿ ಯಾವುದು ತಿಳ್ಯಂಗಿಲ್ಲ!"

ಅಣ್ಣ ಸೋಮಾರಿ, ಮೈಗಳ್ಳ ಎಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ ಅಂತ ಕಾಣುತ್ತದೆ. ಅವನು ಗಿಡದ ಮೇಲೆ ಬಾಗಿ, ಕುತ್ತಿಗೆ ಒಂದಿಷ್ಟು ಓರೆ ಮಾಡಿ, ಒಂದೊಂದೇ ಕಾಯಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಹಣ್ಣಾದದ್ದು ಮೆತ್ತಗಿರುತ್ತದೆ ಎಂಬುದು ಅವನ ಲೆಕ್ಕ. ಒಂದು ದಿನ ನಾನು ಪಕ್ಕದ ಸಾಲಿನಲ್ಲಿದ್ದಾಗ ಯಾರಿಗೂ ಕೇಳಿಸದ ಹಾಗೆ ಕೇಳಿದ: "ತಂಗೆವ್ವಾ, ಇದು ಯಾವ ಬಣ್ಣ ಅದ ಹೇಳು?" ಆಟಕ್ಕೆ ಕೇಳುತ್ತಿದ್ದಾನೆ ಅಂದುಕೊಂಡು ಹಸಿರು ಅಂದೆ. "ಮತ್ತ ಇದು?" ಕೆಂಪು ಅಂದೆ. ಅಣ್ಣ ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಅವನ ಮುಖ ನೋಡಿದ ಮೇಲೆ ಅದು ಆಟವಲ್ಲ ಅಂತ ನನಗೆ ತಿಳಿಯಿತು.

ಅಲ್ಲಿಂದ ನಾವು ಜೋಡಿ ಸಾಲು ಹಿಡಿಯತೊಡಗಿದೆವು. ಹೊಲದಲ್ಲಿ ಹೆಂಗಸರು ಹಾಡು ಹೇಳುತ್ತ ಬಿಡಿಸುತ್ತಾರಲ್ಲ, ನಾನೂ ಒದರುತ್ತಿದ್ದೆ. ಅಣ್ಣನ ಕೈ ಕೆಂಪು ಕಾಯಿಯ ಮೇಲಿದ್ದಷ್ಟು ಹೊತ್ತು ನನ್ನ ಹಾಡು ನಡೆದಿರುತ್ತಿತ್ತು. ಹಸಿರಿನ ಮೇಲೆ ಹೋಯಿತೋ, ನಿಲ್ಲಿಸುತ್ತಿದ್ದೆ. ಅವನು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ. ಆ ವರ್ಷ ಒಡತಿ ಅಣ್ಣನ ಬುಟ್ಟಿ ನೋಡಿ ಮೆಚ್ಚಿದಳು. ನನ್ನ ಹಾಡನ್ನು ಮಾತ್ರ ಯಾರೂ ಮೆಚ್ಚಲಿಲ್ಲ. "ಈ ಹುಡುಗಿ ಒಂದು ಹಾಡೂ ಪೂರಾ ಹೇಳಂಗಿಲ್ಲ, ನಡುವ ನಡುವ ನುಂಗತಾಳ" ಎಂದು ಹೆಂಗಸರು ನಗುತ್ತಿದ್ದರು.

ಶಾಲೆಯಲ್ಲೂ ಅಷ್ಟೇ. ಭೂಪಟಕ್ಕೆ ಬಣ್ಣ ಹಚ್ಚುವ ದಿನ ಅವನ ಬಣ್ಣದ ಕಡ್ಡಿಗಳ ಮೇಲೆ ನಾನು ಬ್ಲೇಡಿನಿಂದ 'ಹ', 'ಕೆ' ಎಂದು ಕೆತ್ತಿ ಕಳಿಸುತ್ತಿದ್ದೆ. ಅಂಗಿ ಕೊಳ್ಳಲು ಹೋದರೆ ನಾನು ಬೇಕು. ಬಾಳೆಹಣ್ಣು ಕೊಳ್ಳಲು ಹೋದರೆ ನಾನು ಬೇಕು. ಓದಿನಲ್ಲಿ ಅವನು ಹುಲಿ, ನಾನು ಇಲಿ. ಆದರೂ ದಿನಕ್ಕೆ ಹತ್ತು ಸಲ ಅವನು ನನ್ನ ಹತ್ತಿರ ಬಂದು ಬಗ್ಗಿ ಕೇಳುತ್ತಿದ್ದನಲ್ಲ, ಆ ದೊಡ್ಡಸ್ತಿಕೆಯಲ್ಲಿ ನಾನು ಬೆಳೆದೆ. ಅವನು ಕೇಳದೇ ಇದ್ದ ದಿನ ನನಗೆ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು.

ಮುಂದೆ ಅಪ್ಪನಿಗೆ ಶಕ್ತಿನಗರದಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸ ಸಿಕ್ಕಿತು. ಆಗಿನ್ನೂ ವಿದ್ಯುತ್ ಕೇಂದ್ರ ಕಟ್ಟುತ್ತಿದ್ದರು. ಅಣ್ಣ ರಾಯಚೂರಿನಲ್ಲಿ ಡಿಪ್ಲೊಮಾ ಓದಿದ. ಅಪ್ಪನದು ಒಂದೇ ಕನಸು. ತಾನು ಇಟ್ಟಿಗೆ ಹೊತ್ತ ಆ ಕಟ್ಟಡದೊಳಗೆ, ತಣ್ಣಗಿನ ಕಂಟ್ರೋಲ್ ರೂಮಿನಲ್ಲಿ, ಮಗ ಕುರ್ಚಿಯ ಮೇಲೆ ಕೂಡಬೇಕು. ಅಣ್ಣ ಪರೀಕ್ಷೆ ಬರೆದು ಪಾಸೂ ಆದ. ಅವ್ವ ಬುದ್ಧನ ಫೋಟೋಕ್ಕೆ ಹೂವು ಏರಿಸಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಉಳಿದದ್ದು ವೈದ್ಯರ ತಪಾಸಣೆ ಒಂದೇ. ಎತ್ತಿನ ಹಾಗಿದ್ದ ಹುಡುಗನಿಗೆ ಅದೇನು ಮಹಾ ಅಂತ ನಾವು.

ಆ ದಿನ ಅಣ್ಣ ಮಧ್ಯಾಹ್ನವೇ ಮನೆಗೆ ಬಂದ. ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ನನ್ನ ಪಕ್ಕ ಕೂತ.

"ಡಾಕ್ಟರ್ ಒಂದು ಪುಸ್ತಕ ತೆಗೆದ್ರು ತಂಗೆವ್ವಾ. ಹಾಳಿ ತುಂಬ ಚುಕ್ಕಿ. ಅದರಾಗ ಅಂಕಿ ಅದ, ಓದು ಅಂದ್ರು. ನನಗ ಬರೇ ಚುಕ್ಕಿನ ಕಂಡವು."

"ಒಂದೂ ಕಾಣ್ಲಿಲ್ಲೇನು ಯಣ್ಣಾ?"

"ಒಂದೂ ಇಲ್ಲ. ಅದಕ್ಕೊಂದು ಹೆಸರು ಅದಂತ. ಹುಟ್ಟಿನಿಂದ ಬರ್ತದಂತ, ಔಷಧ ಇಲ್ಲಂತ. ಕೆಂಪು ದೀಪ ಹಸಿರು ದೀಪ ಗೊತ್ತಾಗಲಾರದವಂಗ ಆ ಕುರ್ಚಿ ಕೊಡಾಂಗಿಲ್ಲ ಅಂದ್ರು. ಚಲೋ ಮನುಷ್ಯ, ಪಾಪ, ಚಾ ಕುಡಿಸಿ ಕಳಿಸಿದ."

ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಬಂದವಳೇ, "ಅಕಿನ್ನ ಸಂಗಾಟ ಕರಕೊಂಡು ಹೋಗಬೇಕಿತ್ತಿಲ್ಲೋ! ಅಕಿ ನಿನ್ನ ಬಾಜೂಕ ನಿಂತು ಹೇಳತಿದ್ದಳು" ಅಂದಳು.

"ದಿನಾ ಡ್ಯೂಟಿಗೂ ಕರಕೊಂಡು ಹೋಗ್ಲೇನಬೇ?" ಎಂದ ಅಣ್ಣ. ಮೂವರೂ ನಕ್ಕೆವು. ನಗುತ್ತ ನಗುತ್ತ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹೊಲದಲ್ಲಿ ಅವನ ಬೆನ್ನ ಮೇಲೆ ಬಿದ್ದ ಏಟುಗಳೆಲ್ಲ ಆ ಕ್ಷಣದಲ್ಲಿ ಅವಳಿಗೆ ಒಟ್ಟಿಗೆ ನೆನಪಾಗಿರಬೇಕು. ಅಣ್ಣ ಆ ದಿನ ಊಟ ಮಾಡಲಿಲ್ಲ. ಸಂಜೆ ನನ್ನಿಂದ ಒಂದು ಮಾತು ತೆಗೆದುಕೊಂಡ, ಈ ಸಂಗತಿ ಮನೆಯ ಹೊಸ್ತಿಲು ದಾಟಬಾರದು ಎಂದು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ರಾಯಚೂರಿನ ತೀನ್ ಕಂದೀಲ್ ಹತ್ತಿರ, ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ, ಒಂದು ಕಂಪ್ಯೂಟರ್ ಕ್ಲಾಸು ಶುರುವಾಯಿತು. ಅಣ್ಣ ಅಲ್ಲಿ ಮೊದಲು ಕಲಿತ, ಆಮೇಲೆ ಅಲ್ಲೇ ಕಲಿಸುವ ಸರ್ ಆದ. ನಾನು ಆಗ ಶಿಕ್ಷಕಿಯ ತರಬೇತಿಗೆಂದು ಊರಿಂದ ಬಂದು ಅಣ್ಣನ ಬಾಡಿಗೆ ಕೋಣೆಯಲ್ಲೇ ಇದ್ದೆ. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುವ ನೆಪದಲ್ಲಿ ಆ ಮಾಳಿಗೆ ಹತ್ತುತ್ತಿದ್ದೆ.

ಆ ಕೋಣೆಯನ್ನು ನೀವು ನೋಡಬೇಕಿತ್ತು. ರಾಯಚೂರಿನ ಬಿಸಿಲಿಗೆ ಹೊರಗೆ ಕಲ್ಲು ಸಿಡಿಯುತ್ತಿದ್ದರೆ ಒಳಗೆ ಮಾತ್ರ ತಂಪು ಗಾಳಿ. ಅದು ಮನುಷ್ಯರಿಗಲ್ಲ, ಯಂತ್ರಗಳಿಗೆ. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಬೇಕು, ಪರದೆ ಸರಿಸಿ ಮೆಲ್ಲಗೆ ಒಳಗೆ ಬರಬೇಕು. ಕೆಲವರು ಬಾಗಿಲಲ್ಲಿ ಕೈ ಮುಗಿಯುತ್ತಿದ್ದರು. ಹಾಗೆ ದರ್ಶನ ಕೊಡುತ್ತಿದ್ದ ಯಂತ್ರಗಳು ಎರಡೇ. ಎರಡರದ್ದೂ ಕರಿ ಪರದೆ, ಅದರ ಮೇಲೆ ಹಸಿರು ಅಕ್ಷರ. ಏನು ಬರೆದರೂ ಹಸಿರೇ. ಈಗಿನ ಹಾಗೆ ಮೌಸ್ ಇಲ್ಲ, ಚಿತ್ರ ಇಲ್ಲ. ಅಪ್ಪಣೆ ಟೈಪು ಮಾಡಬೇಕು, ಅದು ಉತ್ತರ ಕೊಡಬೇಕು, ಅಷ್ಟೇ ವ್ಯವಹಾರ.

ಆ ಹಸಿರು ಪರದೆಯ ಮುಂದೆ ಅಣ್ಣ ಬಣ್ಣ ಕಲಿಸುತ್ತಿದ್ದ! ಹೈದರಾಬಾದಿನಲ್ಲಿ ಬಣ್ಣದ ಪರದೆ ಬಂದಿದೆ, ಇವತ್ತಲ್ಲ ನಾಳೆ ನಮ್ಮಲ್ಲಿಗೂ ಬರುತ್ತದೆ, ಅಷ್ಟರಲ್ಲಿ ಕಲಿತಿರಬೇಕು ಎಂಬುದು ಅವನ ವಾದ. ಹುಡುಗರು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು. ಮೂವತ್ತು ಕರಿ, ಮೂವತ್ತೊಂದು ಕೆಂಪು, ಮೂವತ್ತೆರಡು ಹಸಿರು, ಮೂವತ್ತಮೂರು ಹಳದಿ. ಈಜು ಬಾರದವರಿಗೆ ದಂಡೆಯ ಮೇಲೆ ಕೂಡಿಸಿ ಈಜು ಕಲಿಸಿದಂತೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

"ಬಣ್ಣ ಹಚ್ಚೋದು ದೊಡ್ಡದಲ್ಲ" ಎನ್ನುತ್ತಿದ್ದ ಅಣ್ಣ ಹುಡುಗರಿಗೆ. "ಹಚ್ಚಿದ ಮ್ಯಾಲ ಸೊನ್ನಿ ಬರೀರಿ. ಸೊನ್ನಿ ಮರತ್ರ ಆ ಬಣ್ಣ ಮುಂದಿನ ಸಾಲಿಗೂ ಹರೀತದ, ಅದರ ಮುಂದಿನ ಸಾಲಿಗೂ ಹರೀತದ. ಬಸಿಯೋ ಕೊಡದಂಗ."

ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ನನಗೆ ಹೇಳಿದ: "ಇಲ್ಲಿ ನೋಡು ತಂಗೆವ್ವಾ, ಕೆಂಪು ಅಂದ್ರ ಮೂವತ್ತೊಂದು. ಮುಗೀತು. ಬಗ್ಗಿ ನೋಡೋದಿಲ್ಲ, ಒತ್ತಿ ನೋಡೋದಿಲ್ಲ, ಯಾರನ್ನೂ ಕೇಳೋದಿಲ್ಲ. ಎಲ್ಲಾರಿಗೂ ಗೊತ್ತಿರೋವಷ್ಟ ನನಗೂ ಗೊತ್ತದ." ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಆ ಕೋಣೆಯಲ್ಲಿ ಹಸಿರು ಬಿಟ್ಟು ಬೇರೆ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲವಲ್ಲ, ಅಲ್ಲಿ ಅವನು ಎಲ್ಲರಿಗೂ ಸಮ. ನನಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಸಣ್ಣದೊಂದು ಹೊಟ್ಟೆಯುರಿಯೂ ಬಂತು. ನನ್ನ ಕೆಲಸವನ್ನು ಒಂದು ಡಬ್ಬಿ ಕಸಿದುಕೊಂಡಿತ್ತು.

ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ಬಣ್ಣದ ಪರದೆ ನಮ್ಮ ಸೀಮೆಗೂ ಬಂತು. ಅದು ಕ್ಲಾಸಿಗೆ ಬರಲಿಲ್ಲ, ಮಾನ್ವಿಯ ಶರಣಬಸಪ್ಪ ಸಾಹುಕಾರರ ಅಕ್ಕಿ ಗಿರಣಿಗೆ ಬಂತು. ಗೋದಾಮಿನಲ್ಲಿ ಯಾವ ಭತ್ತ ಎಷ್ಟಿದೆ ಎಂದು ತೋರಿಸುವ ಪ್ರೋಗ್ರಾಮು ಬೇಕೆಂದು ಅವರು ಕ್ಲಾಸಿನ ಮಾಲಕರನ್ನು ಕೇಳಿದರು. ಸಾಕಷ್ಟು ಇದ್ದದ್ದು ಹಸಿರು, ತೀರುತ್ತ ಬಂದದ್ದು ಕೆಂಪು ಕಾಣಬೇಕು. ಜೊತೆಗೆ ಸಾಹುಕಾರರು ಶಿವಭಕ್ತರು. ಪರದೆಯ ನೆತ್ತಿಯ ಮೇಲೆ 'ಓಂ ನಮಃ ಶಿವಾಯ' ಇಂಗ್ಲಿಷ್ ಅಕ್ಷರದಲ್ಲಾದರೂ ಸರಿ, ಕಾವಿ ಬಣ್ಣದಲ್ಲಿ ಬರಬೇಕು. ಇದ್ದ ಎಂಟು ಬಣ್ಣದಲ್ಲಿ ಕಾವಿ ಎಲ್ಲಿಂದ ತರುವುದು? ಅಣ್ಣ ತಲೆ ಕೆರೆದುಕೊಂಡು ಮೂವತ್ತಮೂರು ಹಾಕಿದ. "ಹಳದಿ ಕಂಡು ಬೈದ್ರ ಬೈಸಿಕೊಳ್ಳೂನು" ಅಂದ.

ಮಾಲಕರು ಅಣ್ಣನಿಗೆ ಸ್ಪಷ್ಟವಾಗಿ ಹೇಳಿದ್ದರು. ಈ ಕೆಲಸ ಸರಿ ಬಂದರೆ ಮಾನ್ವಿ, ಸಿಂಧನೂರಿನ ಗಿರಣಿಗಳೆಲ್ಲ ನಮ್ಮ ಕಡೆ ಬರುತ್ತವೆ, ನಿನ್ನ ನೌಕರಿ ಕಾಯಂ. ಸರಿ ಬರದಿದ್ದರೆ ಕ್ಲಾಸು ಮುಚ್ಚಿಕೊಂಡು ಹೋಗಬೇಕಾಗುತ್ತದೆ. ಮಾಲಕರಿಗೂ ಅಣ್ಣನ ಕಣ್ಣಿನ ಸಂಗತಿ ಗೊತ್ತಿರಲಿಲ್ಲ. ಬಣ್ಣ ಕಲಿಸುವ ಸರ್‌ಗೆ ಬಣ್ಣ ಕಾಣುವುದಿಲ್ಲ ಎಂದು ಗೊತ್ತಾದರೆ ಯಾರು ಇಟ್ಟುಕೊಳ್ಳುತ್ತಾರೆ? ಮಾನ್ವಿಗೆ ಹೊರಡುವ ಬೆಳಿಗ್ಗೆ ಅಣ್ಣ ಅಂಗಿ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ, "ನೀನೂ ಬಾ" ಅಂದ. ಎಷ್ಟೋ ದಿನದ ಮೇಲೆ ಅವನಿಗೆ ನಾನು ಬೇಕಾಗಿದ್ದೆ. ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟುಕೊಂಡು ಹೊರಟೆ.

ಬಸ್ಸಿನಲ್ಲಿ ಪ್ರೋಗ್ರಾಮು ತುಂಬಿದ ಫ್ಲಾಪಿಯನ್ನು ಅವನು ಮಡಿಲ ಕೂಸಿನ ಹಾಗೆ ಹಿಡಿದುಕೊಂಡಿದ್ದ. ಗಿರಣಿಯ ಆಫೀಸಿನಲ್ಲಿ ಗಾದಿಯ ಮೇಲೆ ಸಾಹುಕಾರರು, ಹಣೆತುಂಬ ವಿಭೂತಿ. ಪಕ್ಕದಲ್ಲಿ ಲೆಕ್ಕ ಬರೆಯುವ ಮುನೀಮರು. ಬಾಗಿಲಲ್ಲಿ ನೋಡಲು ಬಂದ ಹಮಾಲರ ಗುಂಪು. ಗೋಡೆಯಾಚೆ ಗಿರಣಿ ಧಡಧಡ ಎನ್ನುತ್ತಿತ್ತು. ಅಣ್ಣ ಟೈಪು ಮಾಡಿ ಗುಂಡಿ ಒತ್ತಿದ.

ಓಹ್! ಮಾಳಿಗೆಯ ಕೋಣೆಯಲ್ಲಿ ಬಾಯಿಪಾಠ ಮಾಡಿದ ಅಂಕಿಗಳು ಕರಿ ಪರದೆಯ ಮೇಲೆ ಬಣ್ಣಗಳಾಗಿ ಎದ್ದು ಬಂದಿದ್ದವು. ಎಲ್ಲಕ್ಕಿಂತ ಮೇಲೆ 'ಓಂ ನಮಃ ಶಿವಾಯ'. ಆ ಪರದೆಯ ಮೂವತ್ತಮೂರು ನಮ್ಮ ಹಳದಿ ಆಗಿರಲೇ ಇಲ್ಲ, ಕಂದಿದ ಮಣ್ಣಿನ ಬಣ್ಣ. ಮಠದ ಸ್ವಾಮಿಗಳ ಹಳೆ ಶಲ್ಯದ ಥರ. "ಕಾವಿ!" ಎಂದು ನಾನೇ ಕೂಗಿಬಿಟ್ಟೆ. ಸಾಹುಕಾರರು ಗಾದಿಯಿಂದ ಎದ್ದು ನಿಂತು ಎರಡೂ ಕೈ ಮುಗಿದರು. ಹಮಾಲರೂ ಮುಗಿದರು. ಅಣ್ಣನ ಎದೆ ಒಂದಿಷ್ಟು ಉಬ್ಬಿತು.

ಕೆಳಗೆ ಭತ್ತದ ಹೆಸರುಗಳು ಒಂದೊಂದಾಗಿ ಇಳಿದವು. ಸೋನಾ ಹಸಿರು. ಜಯಾ ಕೆಂಪು, ಅದು ನಿಜವಾಗಿಯೂ ತೀರುತ್ತ ಬಂದಿತ್ತು. ಅದರ ಕೆಳಗೆ ಹಂಸಾ ಕೆಂಪು. ಅದರ ಕೆಳಗಿನದೂ ಕೆಂಪು. ಅಲ್ಲಿಂದ ತಳದವರೆಗೆ ಎಲ್ಲ ಕೆಂಪೇ ಕೆಂಪು.

"ಇದೇನ್ರೀ ಸರ್ರ?" ಸಾಹುಕಾರರ ಕೈ ಕೆಳಗಿಳಿಯಿತು. "ಗೋದಾಮು ಪೂರಾ ಖಾಲಿ ಅಂತದಲ್ಲ ಇದು! ಹಂಸಾ ನಿನ್ನೆನಾ ಪೋತ್ನಾಳದಿಂದ ಲಾರಿ ತುಂಬ ಬಂದು ಬಿದ್ದದ."

ಏನಾಗಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಸೊನ್ನೆ! ಊರ ಹುಡುಗರಿಗೆಲ್ಲ ಸೊನ್ನೆ ಬರೀರಿ ಸೊನ್ನೆ ಬರೀರಿ ಎನ್ನುತ್ತಿದ್ದವನು ತಾನೇ ಕೆಂಪಿನ ಸಾಲು ಮುಗಿದಲ್ಲಿ ಸೊನ್ನೆ ಹಾಕಿ ಮತ್ತೆ ಹಸಿರಿಗೆ ಮರಳುವುದನ್ನು ಬಿಟ್ಟಿದ್ದ. ಹಸಿರು ಪರದೆಯ ಮೇಲೆ ಅದು ಯಾರಿಗೆ ತಿಳಿಯಬೇಕು? ಅಲ್ಲಿ ಬಣ್ಣ ಹರಿದರೂ ಹಸಿರೇ, ಹರಿಯದಿದ್ದರೂ ಹಸಿರೇ. ಈಗ ಜಯಾದ ಕೆಂಪು ತಳದವರೆಗೆ ಹರಿದುಹೋಗಿತ್ತು.

ಅಣ್ಣ ಪರದೆಯ ಕಡೆ ಬಾಗಿದ. ಕುತ್ತಿಗೆ ಓರೆ ಮಾಡಿದ. ಆ ಬಾಗು ನನಗೆ ಗೊತ್ತಿತ್ತು. ಮೆಣಸಿನ ಗಿಡದ ಮೇಲೆ ಹಾಗೇ ಬಾಗುತ್ತಿದ್ದ. ಆದರೆ ಇದು ಗಾಜು, ಒತ್ತಿ ನೋಡಿದರೆ ಮೆತ್ತಗಿದೆಯೋ ಗಟ್ಟಿಯಿದೆಯೋ ಹೇಳುವಂಥದ್ದಲ್ಲ. ಹಾಡಾದರೂ ಗುನುಗೋಣವೆಂದರೆ ಆ ಗಿರಣಿಯ ಸದ್ದಿನಲ್ಲಿ ಏನು ಕೇಳಿಸೀತು? ಹತ್ತಿರ ಹೋಗಿ ಕಿವಿಯಲ್ಲಿ ಹೇಳೋಣವೆಂದರೆ ಎಲ್ಲರ ಕಣ್ಣೂ ಅವನ ಮೇಲೆ. ಮಾಲಕರ ಮಾತು, ಅಪ್ಪನ ಮುಖ, ಅಣ್ಣ ಚುಕ್ಕಿಯ ಪುಸ್ತಕದ ಮುಂದೆ ಕೂತು ಬಂದ ಆ ಮಧ್ಯಾಹ್ನ, ಎಲ್ಲ ಒಟ್ಟಿಗೆ ನುಗ್ಗಿ ಬಂದವು.

ಆಗ ಅಣ್ಣ ನೆಟ್ಟಗೆ ನಿಂತ. ನನ್ನ ಕಡೆ ತಿರುಗಿ, ಗಿರಣಿಯ ಸದ್ದನ್ನು ಮೀರಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ:

"ತಂಗೆವ್ವಾ, ಯಾವ ಬಣ್ಣ ಕಾಣಾಕತ್ತಾವು ಹೇಳು."

ನಾನು ಹೇಳಿದೆ. ಸೋನಾ ಹಸಿರು, ಜಯಾ ಕೆಂಪು, ಅಲ್ಲಿಂದ ಕೆಳಗೆ ಪೂರಾ ಕೆಂಪು.

"ಯಾಕ್ರೀ ಸರ್ರ, ನಿಮಗ ಕಾಣಂಗಿಲ್ಲೇನು?" ಎಂದರು ಸಾಹುಕಾರರು.

"ಇಲ್ಲರೀ ಸಾಹುಕಾರ್ರ. ಕೆಂಪು ಹಸಿರು ನನಗ ಒಂದೇ ಥರಾ ಕಾಣ್ತಾವು. ಹುಟ್ಟಿನಿಂದ ಹಂಗ. ತಪ್ಪು ಎಲ್ಲಿ ಆಗ್ಯದ ಈಗ ಗೊತ್ತಾತು, ಒಂದು ಚೂರು ತಡೀರಿ, ಸರಿ ಮಾಡ್ತೀನಿ."

ಹೇಳಿದವನೇ ಕೂತು ಟೈಪು ಮಾಡತೊಡಗಿದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಂಗಿ ಬೆವರಿಗೆ ಒದ್ದೆಯಾಗಿ ಅಂಟಿತ್ತು. ಮುನೀಮರು ಮಾಲಕರಿಗೆ ಫೋನು ಮಾಡಲು ಎದ್ದೇಬಿಡುತ್ತಾರೆ ಎಂದು ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಮಾತು ಬಂದದ್ದು ಸಾಹುಕಾರರಿಂದ.

"ನಮ್ಮ ಕಾಕಾಗೂ ಹಂಗ ಇತ್ತು ನೋಡ್ರಿ. ಹೊಲದಾಗ ಭತ್ತ ಹಣ್ಣಾತೋ ಇಲ್ಲೋ ಕಣ್ಣಿಗೆ ತಿಳೀತಿದ್ದಿಲ್ಲ. ಕಾಳು ಕಡಿದು ನೋಡ್ತಿದ್ದ. ಅವ ಕಡಿದು ಹೇಳಿದ ಮ್ಯಾಲ ಎಂದೂ ತಪ್ಪಿದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿಂದ್ರವ್ವಾ ಮುಂದ ಬಂದು. ಅಂವ ಮಾಡ್ಲಿ, ನೀ ನೋಡು. ಒಬ್ಬಾಂವ ಎಲ್ಲಾ ಮಾಡಬೇಕು ಅಂತ ಎಲ್ಲಿ ಬರದದ?" ಅಂದರು.

ಅಣ್ಣ ಮತ್ತೆ ಗುಂಡಿ ಒತ್ತಿದ. ನಾನು ಒಂದೊಂದೇ ಸಾಲು ಓದಿದೆ. ಸೋನಾ ಹಸಿರು. ಜಯಾ ಕೆಂಪು. ಹಂಸಾ ಹಸಿರು. ಹಮಾಲರು ಹೋ ಎಂದರು. ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಕೆಂಪು ಇದ್ದ ಕಡೆಯಲ್ಲೆಲ್ಲ ಪಕ್ಕದಲ್ಲಿ 'ಕಮ್ಮಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದ. "ನನ್ನಂಥಾಂವ ಇನ್ನೊಬ್ಬ ಈ ಕುರ್ಚಿಮ್ಯಾಲ ಕುಂತ್ರ ಅವಂಗೂ ತಿಳೀಬೇಕಲ್ರಿ" ಎಂದ. ಸಾಹುಕಾರರು ಇಬ್ಬರಿಗೂ ಊಟ ಹಾಕಿಸಿ ಕಳಿಸಿದರು.

ಆ ದಿನದಿಂದ ಅಣ್ಣ ಮುಚ್ಚಿಡುವುದನ್ನು ಬಿಟ್ಟ. ಕ್ಲಾಸಿನಲ್ಲಿ ಬಣ್ಣದ ಪರದೆ ಬಂದ ಮೇಲೆ ಹುಡುಗರನ್ನೇ ಕರೆದು ಕೇಳುತ್ತಿದ್ದ. ಮದುವೆಯಾದ ಮೇಲೆ ವೈನಿಯನ್ನು ಕೇಳುತ್ತಿದ್ದ, ಆಮೇಲೆ ಮಕ್ಕಳನ್ನು. ಬಣ್ಣದ ಪಕ್ಕದಲ್ಲಿ ಮಾತು ಬರೆಯುವ ಅವನ ರೂಢಿ ಅವನ ಶಿಷ್ಯರಿಗೆಲ್ಲ ಹತ್ತಿತು. ನಾನೂ ಮದುವೆಯಾಗಿ, ನೌಕರಿ ಹಿಡಿದು, ಊರಿಂದೂರಿಗೆ ವರ್ಗವಾಗುತ್ತ ತಿರುಗಿದೆ. ಹಬ್ಬಕ್ಕೆ ತವರಿಗೆ ಹೋದಾಗ ಮಾತ್ರ ಅಣ್ಣ ಹಳೆಯ ಹಾಗೆ ಹತ್ತಿರ ಬಂದು, ಕೈಯಲ್ಲಿ ಏನಾದರೊಂದು ಹಿಡಿದು, "ಇದು ಯಾವ ಬಣ್ಣ ಹೇಳು ತಂಗೆವ್ವಾ" ಎನ್ನುತ್ತಿದ್ದ. ಮನೆ ತುಂಬ ಹೇಳುವವರಿದ್ದರೂ ನನಗಾಗಿ ಒಂದನ್ನು ಉಳಿಸಿಕೊಂಡು ಇಟ್ಟಿರುತ್ತಿದ್ದನೋ ಏನೋ. ಅಣ್ಣ ತೀರಿಕೊಂಡು ಈಗ ಕೆಲವು ವರ್ಷವಾಯಿತು. ಈಗ ಯಾರೂ ನನ್ನನ್ನು ಬಣ್ಣ ಕೇಳುವುದಿಲ್ಲ. ಸಂತೆಯಲ್ಲಿ ಮೆಣಸಿನಕಾಯಿಯ ರಾಶಿ ಕಂಡರೆ ಇವತ್ತಿಗೂ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಕೆಂಪು ಯಣ್ಣಾ, ಕೆಂಪು ಅದ ಎಂದು. ಹೇಳಿಕೊಳ್ಳಲು ಯಾರಿದ್ದಾರೆ? ಬಹಳ ನೆನಪಾಗುತ್ತಾನೆ ನಮ್ಮ ಅಣ್ಣ.

ಸಕ್ಕರೆ ಹದಕ್ಕೆ ಬಂದ ಮೇಲೆ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣು ಇನ್ನೂ ಬಾಕಿ ಇದೆ. ಪಟ್ಟಿ ಬಿಚ್ಚಿದ ಮೇಲೆ ಒಂದು ವಿಚಿತ್ರ ನೋಡಿದೆ. ನನ್ನ ಎರಡು ಕಣ್ಣುಗಳು ಒಂದಕ್ಕೊಂದು ಹೊಂದುತ್ತಿಲ್ಲ. ಎಡಗಣ್ಣಿಗೆ ಗೋಡೆ ಹಳದಿ, ಬಲಗಣ್ಣಿಗೆ ಅದೇ ಗೋಡೆ ನೀಲಿ ಬೆರೆತ ಬಿಳಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಮಕ್ಕಳಿಗೆ ಗಾದೆ ಹೇಳಿಕೊಟ್ಟವಳು ನಾನು. ಎಡಗಣ್ಣು ಎಷ್ಟು ವರ್ಷದಿಂದ ಹೀಗೆ ಹಳದಿಯಾಗಿ ನೋಡುತ್ತಿತ್ತೋ ನನಗೇ ಗೊತ್ತಾಗಿರಲಿಲ್ಲ.

ಬುದ್ಧ ಪೂರ್ಣಿಮೆಗೆ ಉಡಲು ಬಿಳಿ ಸೀರೆಯೊಂದು ತೆಗೆದಿಟ್ಟಿದ್ದೆ. ಅದಕ್ಕೆ ಕುಪ್ಪಸದ ಬಟ್ಟೆ ತರಲು ಮೊನ್ನೆ ಸೀರೆ ಹಿಡಿದುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋದೆ. ಅಂಗಡಿಯ ಹುಡುಗಿ ಒಂದರ ಮೇಲೊಂದು ಬಟ್ಟೆ ಬಿಚ್ಚಿ ಹಾಕಿದಳು. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ನನ್ನ ಸೀರೆ ಬಿಳಿಯೋ ಕೆನೆಯೋ ಎಂಬುದೇ ತಿಳಿಯದಾಯಿತು. ಬೆಳಕಿಗೆ ಹಿಡಿದೆ, ಬಾಗಿದೆ, ಕುತ್ತಿಗೆ ಓರೆ ಮಾಡಿದೆ. ಅಂಗಡಿಯಲ್ಲಿ ಜನ ಇದ್ದರು. ಕೇಳಬೇಕು ಅಂದುಕೊಂಡವಳು ಸೀರೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಅರವತ್ತು ದಾಟಿದ ಅಕ್ಕೋರು, ಸೀರೆಯ ಬಣ್ಣ ಯಾವುದು ಅಂತ ಕೇಳುವುದೇ! ಗಿರಣಿಯಲ್ಲಿ ಅಷ್ಟು ಜನರ ನಡುವೆ ಅಣ್ಣ ಹೇಗೆ ಬಾಯಿ ತೆರೆದನೋ.

ಕೊನೆಗೂ ಕೇಳಿದೆ. "ಯವ್ವಾ, ಈ ಸೀರಿ ಯಾವ ಬಣ್ಣ ಅದ ಹೇಳು."

ಹುಡುಗಿ ನಗಲಿಲ್ಲ. ಸೀರೆಯ ಅಂಚು ಬೆರಳಿನಿಂದ ಎತ್ತಿ ಹಿಡಿದು, "ಕೆನಿ ಬಣ್ಣ ರೀ ಅಮ್ಮಾ" ಅಂದಳು.

"ಖರೇನಾ?" ಅಂದೆ.

ಅಣ್ಣ ಅಷ್ಟು ವರ್ಷ ನನ್ನನ್ನು ಬಣ್ಣ ಕೇಳಿದ. ಹೊಲದಲ್ಲಿ ಕೇಳಿದ, ಸಂತೆಯಲ್ಲಿ ಕೇಳಿದ, ನೌಕರಿ ಹೋಗುವ ಹೊತ್ತಿನಲ್ಲಿ ಎಲ್ಲರ ಮುಂದೆ ಕೇಳಿದ. ನಾನು ಹೇಳಿದ್ದನ್ನು ಕೇಳಿಕೊಂಡು ಸುಮ್ಮನೆ ತನ್ನ ಕೆಲಸಕ್ಕೆ ತಿರುಗುತ್ತಿದ್ದ. ಒಂದು ದಿನ, ಒಂದೇ ಒಂದು ದಿನವಾದರೂ, "ಖರೇನಾ?" ಅಂತ ಅವನು ಕೇಳಲಿಲ್ಲ.